ಹುಳವಿದ್ದ ಮನೆಯ ಬಾಗಿಲು

ಸೊಸೆ ಒಗ್ಗರಣೆಗೆ ಸಾಸಿವೆ ಹಾಕಿದ ಸದ್ದು ಕೇಳಿದರೆ ಈಗಲೂ ನಾನು ಎದ್ದು ನಡುಮನೆಯ ಬಾಗಿಲು ಹಾಕಲು ಹೋಗುತ್ತೇನೆ. ಬಾಗಿಲ ಆಚೆ ಟಿ.ವಿ. ಇದೆ, ಮೊಮ್ಮಕ್ಕಳ ಹಾಸಿಗೆಗಳಿವೆ, ವಾಸನೆ ತಾಗಿ ಸಾಯುವಂಥದ್ದು ಏನೂ ಇಲ್ಲ. ಆದರೂ ಎಣ್ಣೆ ಕಾದ ವಾಸನೆ ಬಂದರೆ ಕಾಲು ತಾನೇ ಆ ಕಡೆ ನಡೆಯುತ್ತದೆ. ರೇಷ್ಮೆ ಹುಳ ಸಾಕಿದ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚನ್ನರಾಯಪಟ್ಟಣದ ಪಕ್ಕದ ನಮ್ಮೂರಿನಲ್ಲಿ ಆಗ ಮನೆಮನೆಗೂ ಹುಳ. ಯುದ್ಧದ ಕಾಲ; ವಿಮಾನದಿಂದ ಹಾರುವವರ ಕೊಡೆಗೆ ರೇಷ್ಮೆ ಬೇಕಂತೆ ಎಂದು ಅಪ್ಪ ಹೇಳುತ್ತಿದ್ದ. ನಡುಮನೆಯ ತುಂಬ ಬಿದಿರಿನ ತಟ್ಟೆಗಳು, ಒಂದರ ಮೇಲೊಂದು. ಹಸಿ ಸೊಪ್ಪಿನ ವಾಸನೆ, ಸಗಣಿ ಸಾರಿಸಿದ ನೆಲದ ತಂಪು, ಹುಳ ಮೇಯುವ ಸರಸರ ಸದ್ದು. ಎಣ್ಣೆಯ ವಾಸನೆ, ಹೊಗೆ ತಾಗಿದರೆ ಹುಳ ಸಾಯುತ್ತವೆಂದು ಹುಳವಿದ್ದಷ್ಟು ದಿನ ಮನೆಯಲ್ಲಿ ಒಗ್ಗರಣೆಯಿಲ್ಲ, ಕರಿಯುವುದಿಲ್ಲ, ಅಪ್ಪನ ಬೀಡಿ ಬೀದಿಯಲ್ಲಿ. ಮುದ್ದೆ, ಬೇಯಿಸಿದ ಸಪ್ಪೆ ಸಾರು, ಅಷ್ಟೇ. ಗೂಡು ಕೊಳ್ಳಲು ಬರುತ್ತಿದ್ದ ಸಾಬರು ಹುಳವನ್ನು ನೋಡಿ ನಾಜೂಕು, ನಾಜೂಕು ಎನ್ನುತ್ತಿದ್ದರು. ಅವ್ವ ಆ ಮಾತನ್ನು ಅವರಿಂದ ಕಲಿತು ತನ್ನದೇ ಮಾಡಿಕೊಂಡಿದ್ದಳು. ಗರಿಯಂತೆ ತೆಳ್ಳಗೆ ಹುಯ್ದು ಒಣಗಿಸಿದ ಅಕ್ಕಿ ಸಂಡಿಗೆಯನ್ನು ಮಡಕೆಗೆ ತುಂಬುವಾಗ ನಾಜೂಕು ಎನ್ನುವಳು. ಜ್ವರ ಬಂದು ಮಲಗಿದ ನನ್ನ ತಂಗಿ ಕೆಂಪಿಯ ಹಣೆ ಮುಟ್ಟಿಯೂ ಅದನ್ನೇ ಅನ್ನುವಳು. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನಗೆ ಆ ಮಾತಿಗೆ ಬೇರೆ ಅರ್ಥ ಗೊತ್ತಿಲ್ಲ. ನನ್ನನ್ನು ನೋಡಿ ಯಾರೂ ಹಾಗೆ ಅಂದದ್ದಿಲ್ಲ. ನಾನು ಗಟ್ಟಿ ಹುಡುಗಿ. ಸೊಪ್ಪು ಹೊರುವವಳು.

ಕೆಂಪಿ ನನಗಿಂತ ಮೂರು ವರ್ಷ ಚಿಕ್ಕವಳು. ಚಳಿಜ್ವರ ಅವಳನ್ನು ವರ್ಷಕ್ಕೆ ಎರಡು ಸಲ ಹಿಡಿಯುತ್ತಿತ್ತು. ಜ್ವರ ಬಿಟ್ಟ ಬಾಯಿಗೆ ಸಪ್ಪೆ ಸಾರು ಸೇರದೆ ಮುದ್ದೆಯನ್ನು ಬೆರಳಲ್ಲೇ ಉರುಳಿಸುತ್ತ ಕೂತರೆ ಅಜ್ಜಿ, "ಏನಮ್ಮಾ ದೊರೆಸಾನಿ, ಇಳಿಯಾಕಿಲ್ವಾ? ಹುಳದ ಜೊತೆ ತಟ್ಟೇಲಿ ಕೂರಿಸ್ಲಾ, ಸೊಪ್ಪು ತಿಂತೀಯಾ?" ಎಂದು ಛೇಡಿಸುತ್ತಿದ್ದಳು. ಕೆಂಪಿಗೂ ನಗು ಬರುತ್ತಿತ್ತು.

ಆ ಸಲ ಹುಳ ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು ಎದ್ದು, ಎಷ್ಟು ಹಾಕಿದರೂ ಸಾಲದೆನ್ನುವಂತೆ ಮೇಯುತ್ತಿದ್ದವು. ಬೆಳಗ್ಗೆ ಜಡಿಮಳೆ ಹಿಡಿದಿತ್ತು. ನೆನೆದ ಸೊಪ್ಪು ತಿಂದರೆ ಹುಳ ಉಳಿಯುವುದಿಲ್ಲ. ಜಗಲಿಯ ಮೇಲೆ ಬಟ್ಟೆ ಹಾಸಿ, ಹರಡಿ, ಮಗುಚಿ, ನೀರಾರಿದ ಮೇಲೆ ಹಾಕಬೇಕು. ಆ ಕೆಲಸ ನನ್ನದು. ಪಕ್ಕದ ಮನೆಯ ಹುಡುಗಿಯರು ಚೌಕಾಬಾರ ಹೂಡಿ ನನ್ನನ್ನು ಕೂಗುತ್ತಿದ್ದರು. ನಾನು ಮೇಲಿನ ಎರಡು ಹಿಡಿ ಸೊಪ್ಪನ್ನು ಲಂಗದ ಅಂಚಿನಲ್ಲಿ ಒರೆಸಿದೆ, ಒದ್ದೆಯದನ್ನು ಕುಕ್ಕೆಯ ತಳಕ್ಕೆ ತುಂಬಿದೆ. ತೋಟದಿಂದ ಬಂದ ಅವ್ವ ಮೇಲಿನ ಎಲೆ ಮುಟ್ಟಿ ನೋಡಿ ಹೂಂ ಅಂದಳು. ತಟ್ಟೆಗೆ ಹಾಕಿದವಳು ನಾನೇ. ಮಾರನೆಯ ದಿನವೂ ಮಳೆ, ಅಂದೂ ಹಾಗೇ ಮಾಡಿದೆ.

ಮೂರನೆಯ ದಿನ ಮೇಯುವ ಸದ್ದು ನಿಂತಿತ್ತು. ಹುಳಗಳು ಮೆತ್ತಗಾಗಿ, ಕಪ್ಪಾಗಿ, ತಟ್ಟೆಯ ಅಂಚಿಗೆ ಜೋತುಬಿದ್ದಿದ್ದವು. ನಾತ ಬೀದಿಯವರೆಗೆ ಹೋಗಿತ್ತು. ಅಪ್ಪ ತಲೆಗೆ ಕೈಹೊತ್ತು ಕೂತ. ಯಾರು ಏನು ಮಾಡಿದಿರಿ ಎಂದು ಅವ್ವ ಒಬ್ಬೊಬ್ಬರನ್ನೇ ಕೇಳತೊಡಗಿದಳು. ನನ್ನ ಸರದಿ ಬರುವ ಮೊದಲೇ ಕೆಂಪಿ ಕಂಬದ ಹಿಂದಿನಿಂದ ಈಚೆ ಬಂದಳು.

"ನಾನೇ ಕಣವ್ವ. ನೀವೆಲ್ಲಾ ತೋಟಕ್ಕೋದಾಗ ಎಲ್ಡು ಸಂಡಿಗೆ ಕರ್ಕೊಂಡು ತಿಂದ್ಬಿಟ್ಟೆ."

ಒಂದು ಚಮಚ ಹುಚ್ಚೆಳ್ಳೆಣ್ಣೆ, ಎರಡೇ ಸಂಡಿಗೆ. ಹೊಗೆ ಹೋಗಲೆಂದು ಹಿತ್ತಲ ಬಾಗಿಲು ತೆಗೆದಿಟ್ಟಿದ್ದಳಂತೆ. ಅವ್ವ ಹೊಡೆಯಲಿಲ್ಲ. ಹೊಡೆದಿದ್ದರೆ ನಾನು ಬಾಯಿ ಬಿಡುತ್ತಿದ್ದೆನೇನೋ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ, ಅದು ನಿಜವಲ್ಲ. ಅವ್ವ ಹುಳದ ತಟ್ಟೆಯನ್ನೂ ಅವಳನ್ನೂ ನೋಡುತ್ತ, "ಎಲ್ಡು ನಾಜೂಕು ಒಂದೇ ಮನೇಲಿ ಉಳಿಯಾಕಿಲ್ಲ," ಎಂದಳು. ನಾನು ಪೊರಕೆ ತಂದು ತಟ್ಟೆ ಗುಡಿಸಿದೆ. ಎಷ್ಟು ಚೆನ್ನಾಗಿ ಕೆಲಸ ಮಾಡ್ತಾಳೆ ಎಂದು ಅಜ್ಜಿ ನನ್ನನ್ನು ಹೊಗಳಿದಳು.

ಅಂದಿನಿಂದ ಕೆಂಪಿ ಬಾಯಿರುಚಿಗೆ ಏನನ್ನೂ ಕೇಳಲಿಲ್ಲ. ಹುಳವಿಲ್ಲದ ತಿಂಗಳಲ್ಲೂ, ಮನೆಯವರೆಲ್ಲ ಒಗ್ಗರಣೆಯ ಸಾರು ಉಣ್ಣುವಾಗಲೂ, ತನ್ನ ಪಾಲನ್ನು ಮೊದಲೇ ಬೇರೆ ತೆಗೆಸಿಕೊಂಡು ಸಪ್ಪೆಯಾಗಿ ಉಣ್ಣುತ್ತಿದ್ದಳು. ಅವ್ವ ಬೇಡ ಅನ್ನಲಿಲ್ಲ. ನಾನು ಪಕ್ಕದಲ್ಲೇ ಕೂತು ಬಡಿಸಿದ್ದನ್ನೆಲ್ಲ ಉಂಡೆ.

ಮುಂದಿನ ಮಳೆಗಾಲದ ಚಳಿಜ್ವರ ಅವಳನ್ನು ಬಿಡಲಿಲ್ಲ. ಕೊನೆಯ ದಿನಗಳಲ್ಲಿ ಗಂಜಿಯೂ ಇಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಮಡಕೆಯ ಸಂಡಿಗೆ ತೆಗೆದು ಕರಿದೆ, ಬಿಸಿಬಿಸಿಯಾಗಿಯೇ ಅವಳ ಹಾಸಿಗೆಯ ಹತ್ತಿರ ಒಯ್ದೆ. ಆಗ ಮನೆಯಲ್ಲಿ ಒಂದು ಹುಳವೂ ಇರಲಿಲ್ಲ, ತಟ್ಟೆಗಳು ಅಟ್ಟದ ಮೇಲಿದ್ದವು. ಎಣ್ಣೆಯ ವಾಸನೆಗೆ ಅವಳು ಬೆಚ್ಚಿ ಕಣ್ಣು ಬಿಟ್ಟಳು.

"ಅಕ್ಕಾ, ಒಳಗೆ ಹುಳ ಐತಲ್ಲಾ. ಬಾಗ್ಲು ಹಾಕು."

"ಇಲ್ಲ ಕಣೇ. ತಿನ್ನು," ಎಂದೆ.

ಅವಳು ತುಟಿ ಬಿಗಿದುಕೊಂಡು ತಲೆಯಾಡಿಸಿದಳು. ಕಷಾಯದ ಲೋಟ ಹಿಡಿದು ಅವ್ವ ನನ್ನ ಬೆನ್ನ ಹಿಂದೆ ನಿಂತಿದ್ದಳು. ಹೇಳಬೇಕಾದ ಮಾತು ಒಂದೇ ಇತ್ತು, ಆ ಒದ್ದೆ ಸೊಪ್ಪಿನದು. ನಾನು ಎದ್ದು ಹೋಗಿ ನಡುಮನೆಯ ಬಾಗಿಲು ಹಾಕಿ ಬಂದೆ. ಬಾಗಿಲು ಹಾಕಿದ ಸದ್ದು ಕೇಳಿ ಕೆಂಪಿ ಸಮಾಧಾನದಿಂದ ಕಣ್ಣು ಮುಚ್ಚಿದಳು. ಸಂಡಿಗೆ ಮಳೆಗಾಳಿಗೆ ತಟ್ಟೆಯಲ್ಲೇ ಮೆತ್ತಗಾಯಿತು.