ರಂಗಪ್ಪನ ಉಷ್ಣ

ಭದ್ರಾವತಿಯಲ್ಲಿ ಫೌಂಡ್ರಿ ಕುಲುಮೆಯ ಮುಂದೆ ದುಡಿದವರಿಗೆ ಕಾಯಿಲೆ ಅಂದರೆ ಒಂದೇ, ಉಷ್ಣ. ಕಣ್ಣು ಉರಿದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ, ಮಲದಲ್ಲಿ ರಕ್ತ ಹೋದರೂ ಉಷ್ಣ. ಮದ್ದೂ ಒಂದೇ, ನೆನೆಸಿದ ಕಾಮಕಸ್ತೂರಿ ಬೀಜ ಹಾಕಿದ ನೀರುಮಜ್ಜಿಗೆ. ನಮ್ಮ ಪಕ್ಕದ ಮನೆಯ ರಂಗಪ್ಪ ಈ ವೈದ್ಯದಲ್ಲಿ ಎಲ್ಲರಿಗೂ ಗುರು. ಕೇಳದವರನ್ನೂ ಕರೆದು ಹೇಳುತ್ತಿದ್ದ.

ರಿಟೈರಾಗಿ ವರ್ಷಗಳೇ ಕಳೆದ ಮೇಲೆ ಅವನಿಗೇ ರಕ್ತ ಹೋಗತೊಡಗಿತು. ಮಾನಕ್ಕೆ ಅಂಜಿ ಯಾರಿಗೂ ಹೇಳಲಿಲ್ಲ. ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಒಗೆಯುವ ಪಂಚೆಯಲ್ಲಿ ಕಲೆ ಕಂಡ ಹೆಂಡತಿ ಕರಿಬಸಮ್ಮ ಜೋರು ಮಾಡಿದಳು.

"ಉಷ್ಣ ಕಣೇ ಮಾರಾಯ್ತಿ. ಕುಲುಮೆ ಮುಂದೆ ಬೆಂದ ಮೈ ಇದು."

"ಕುಲುಮೆ ಬಿಟ್ಟು ಎಷ್ಟು ವರ್ಷ ಆಯ್ತು? ಇನ್ನೂ ಎಲ್ಲಿಂದ್ರೀ ಬರುತ್ತೆ ಉಷ್ಣ? ನಾಳೆ ಶಿವಮೊಗ್ಗಕ್ಕೆ ಹೋಗೋಣ. ಬರಲ್ಲ ಅಂದ್ರೆ ಬೀದೀಲಿ ನಿಂತು ಎಲ್ರಿಗೂ ಹೇಳ್ತೀನಿ."

ಆ ಬೆದರಿಕೆಗೆ ಅವನು ಬಸ್ಸು ಹತ್ತಿದ. ಆ ಹೆಂಗಸಿನ ಬಾಯಿಗೆ ನಾನು ಕೈ ಮುಗಿಯುತ್ತೇನೆ.

ಡಾಕ್ಟರು ಸಮತಾ, ಮಗಳ ವಯಸ್ಸಿನವರು. ರಂಗಪ್ಪ ತಲೆ ತಗ್ಗಿಸಿ ಕೂತ. ಕರಿಬಸಮ್ಮನೇ ಎಲ್ಲ ಹೇಳಿದಳು.

"ಮೂಲವ್ಯಾಧಿ ಇರಬಹುದು. ಆದ್ರೆ ನೋಡದೆ ಹೇಳಕ್ಕಾಗಲ್ಲ" ಅಂದರು ಡಾಕ್ಟರು. "ರಕ್ತ ಕಂಡಾಗ್ಲೇ ತೋರಿಸ್ಬೇಕಿತ್ತು. ಅದ್ರ ಜೊತೆ ತೂಕ ಇಳಿದ್ರೆ, ಸುಸ್ತಾದ್ರೆ ಕಾಯಲೇಬಾರದು."

ಕರುಳಿಗೆ ಕ್ಯಾಮೆರಾ ಇಳಿಸಿ ನೋಡಿದರು. ಗಡ್ಡೆ ಇತ್ತು. ಚೂರು ತೆಗೆದು ಪರೀಕ್ಷೆ ಮಾಡಿಸಿದರೆ ಕ್ಯಾನ್ಸರ್. ಪುಣ್ಯಕ್ಕೆ ಹರಡಿರಲಿಲ್ಲ, ಆಪರೇಷನ್ ಮಾಡಿ ತೆಗೆಯಬಹುದಿತ್ತು.

"ಮನೇಲಿ ಬೇರೆ ಯಾರಿಗಾದ್ರೂ ಹೀಗಾಗಿತ್ತಾ?" ಎಂದು ಡಾಕ್ಟರು ಕೇಳಿದರು.

ರಂಗಪ್ಪ ತಗ್ಗಿಸಿದ್ದ ತಲೆ ಎತ್ತಿದ.

"ನಮ್ಮಣ್ಣ ಹಾಲೇಶ. ಅವ್ನೂ ಕುಲುಮೆಯವನೇ. ಅವ್ನಿಗೂ ರಕ್ತ ಹೋಗ್ತಿತ್ತು ಮೇಡಂ. ಸೊರಗಿ ಸೊರಗಿ ಸತ್ತ. ಉಷ್ಣ ಅಂತ ನಾನೇ ಪಕ್ಕದಲ್ಲಿ ಕೂತು ಮಜ್ಜಿಗೆ ಕುಡಿಸ್ತಿದ್ದೆ." ಅಷ್ಟು ಹೇಳಿ ಗಳಗಳನೆ ಅತ್ತ.

ಹಾಗಿದ್ದರೆ ಅಣ್ಣನ ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದರು ಡಾಕ್ಟರು. ಆಪರೇಷನ್ನಿಗೆ ಕರೆದೊಯ್ಯುವ ಮುಂಚೆ ಅವನು ಅಣ್ಣನ ಒಬ್ಬಳೇ ಮಗಳು, ವಿದ್ಯಾನಗರದ ರಂಜಿನಿಗೆ ಫೋನು ಮಾಡಿದ.

"ನಿಮ್ಮಪ್ಪ ಹೋಗಿದ್ದು ಉಷ್ಣದಿಂದ ಅಲ್ಲಮ್ಮ. ನಂಗೆ ತಿಳೀಲಿಲ್ಲ. ಬೈಯೋದಿದ್ರೆ ಆಮೇಲೆ ಬೈ. ಮೊದ್ಲು ಹೋಗಿ ತೋರಿಸ್ಕೊ."