ಅಣ್ಣ ಮುಂದೆ, ನಾನು ಹಿಂದೆ: ಡೊಂಬಿವಲಿಯಿಂದ ವಾಶಿಗೆ

ಬೆಳಿಗ್ಗೆ ಏಳೂವರೆಗೆ ಇಡ್ಲಿ ತಿಂದು ಡೊಂಬಿವಲಿಯ ಮನೆಯಿಂದ ಹೊರಟೆವು. ಮಳೆ ಬರುವ ಹಾಗಿತ್ತು, ಬರಲಿಲ್ಲ. ಬೆವರು ಮಾತ್ರ ಧಾರಾಳ. ಅಣ್ಣ ವಾಸುದೇವನಿಗೆ ಎಪ್ಪತ್ತಮೂರು. ಠಾಣೆ ಪಟ್ಟಣದಲ್ಲಿರುವ ತನ್ನ ಹೋಟೆಲಿಗೆ ನಲವತ್ತು ವರ್ಷ ಲೋಕಲ್ ರೈಲಿನಲ್ಲೇ ಹೋಗಿ ಬಂದವನು. ಹೋದ ವರ್ಷ ನಡಿಗೆ ತಡವರಿಸಿತು, ಎರಡು ಸಲ ದಾರಿಯೂ ತಪ್ಪಿತು. ಆಮೇಲೆ ಮಗ ಅವನನ್ನು ಒಬ್ಬನೇ ಹೊರಗೆ ಬಿಡಲಿಲ್ಲ. ಮತ್ತೆ ಒಬ್ಬನೇ ಹೋಟೆಲಿಗೆ ಹೋಗಬೇಕು, ಅಣ್ಣನಿಗೆ ಅಷ್ಟೇ ಆಸೆ.

ಅದಕ್ಕೇ ವಾಶಿಯ ಒಂದು ಕ್ಲಿನಿಕ್ಕಿನಲ್ಲಿ ಚಿಕಿತ್ಸೆ: ತಲೆಗೆ ಟೊಪ್ಪಿ ಹಾಕಿ, ಸಣ್ಣಗೆ ವಿದ್ಯುತ್ತು ಹರಿಸುತ್ತಾ ನಡೆಸುತ್ತಾರೆ. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ. "ಖಾತ್ರಿ ಕೊಡಲಾರೆ, ಅಭ್ಯಾಸಕ್ಕೊಂದು ಒತ್ತಾಸೆ" ಎಂದಿದ್ದರು ಡಾಕ್ಟರು. ಚಿಕಿತ್ಸೆಗೆ ಬರುವ ದಿನ ದಾರಿಯನ್ನು ಅವನೇ ಹಿಡಿಯಬೇಕು, ಜೊತೆಗಿದ್ದವರು ಬಾಯಿ ಬಿಡಬಾರದು ಎಂದೂ ಹೇಳಿದ್ದರು. ಕುಂದಾಪುರದಿಂದ ವಾರದ ಮಟ್ಟಿಗೆ ಬಂದಿದ್ದ ನಾನು, ಅವನ ತಂಗಿ, ಹಿಂದೆ ನಡೆದೆ.

ಸ್ಟೇಷನ್ನಿನಲ್ಲಿ ಅಣ್ಣ ಒಂದಿಷ್ಟೂ ಅನುಮಾನಿಸದೆ ಸೇತುವೆ ಹತ್ತಿ ಇಳಿದ. ಮೇಲೆ ಬೋರ್ಡು ನೋಡಿದೆ: ಕಲ್ಯಾಣ. ವಾಶಿಗೆ ಹೋಗಲು ನಾವು ಠಾಣೆಯ ಗಾಡಿ ಹಿಡಿಯಬೇಕಿತ್ತು.

"ಅಯ್ಯೋ ಅಣ್ಣ! ಇದ್ ಕಲ್ಯಾಣಕ್ಕೆ ಹೋಪ ಗಾಡಿ. ಠಾಣೆ ಆಚಿ ಬದಿ!"

ಕೈ ಹಿಡಿದು ಆಚೆ ಬದಿಗೆ ಎಳೆದುಕೊಂಡೇ ಬಂದೆ. ಅವನು ನನ್ನ ಹಿಂದೆಯೇ ಬಂದ. ಠಾಣೆಯವರೆಗೆ ನೂಕುನುಗ್ಗಲಿನಲ್ಲಿ ನಿಂತೇ ಹೋದೆವು. ನಡುವೆ ದಿವಾ ಸ್ಟೇಷನ್ನಿನಲ್ಲಿ ಇನ್ನಷ್ಟು ಜನ ಹತ್ತಿದರು, ಅವನ ಕಾಲು ನಡುಗುತ್ತಿತ್ತು. ಠಾಣೆಯಲ್ಲಿ ಗಾಡಿ ಬದಲಿಸಿ ವಾಶಿಗೆ ಅರ್ಧ ಗಂಟೆ.

ಕ್ಲಿನಿಕ್ಕಿನಲ್ಲಿ ಟೊಪ್ಪಿ ಕಟ್ಟುವ ಹುಡುಗಿ ಉಡುಪಿಯವರ ಮಗಳು, ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲೇ. ಅಣ್ಣ ದಾರಿ ತಪ್ಪಿದ್ದನ್ನು ಬೇಸರದಿಂದಲೇ ಅವಳಿಗೆ ಹೇಳಿದೆ.

"ಅರೆ ಆಂಟಿ, ನಾವೆಲ್ಲಾ ಹಾಗೇ ಮಾಡೋದು! ಉಲ್ಟಾ ಕಲ್ಯಾಣಕ್ಕೆ ಹೋದ್ರೆ ಗಾಡಿ ಅಲ್ಲಿ ಖಾಲಿ ಆಗುತ್ತೆ, ಅದೇ ಗಾಡಿ ವಾಪಸ್ ಠಾಣೆ ಕಡೆಗೆ ಬರುತ್ತೆ. ಆರಾಮಾಗಿ ಸೀಟ್. ಅಂಕಲ್ ಬರಾಬರ್ ಹೋಗಿದ್ರು."

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. "ಆಗಳೇ ಹೇಳೂಕ್ ಆಗ್ದಾ ಅಣ್ಣ?" ಎಂದೆ.

"ನೀ ಅಷ್ಟ್ ಗಟ್ಟಿ ಹೇಳ್ದೆ ಅಲ್ದಾ. ನಂಗೇ ಡೌಟ್ ಬಂತ್ ಮಾರಾಯ್ತಿ."

ಇಪ್ಪತ್ತು ನಿಮಿಷ ಟೊಪ್ಪಿ ಹಾಕಿಕೊಂಡು ಅವನು ಪಡಸಾಲೆಯಲ್ಲಿ ನಡೆದ. ಹೆಜ್ಜೆ ನಿಜಕ್ಕೂ ಚೆನ್ನಾಗಿತ್ತು.

ಹಿಂದಿರುಗುವಾಗ ನಾನು ತುಟಿ ಪಿಟಕ್ಕೆನ್ನಲಿಲ್ಲ. ಠಾಣೆಯಲ್ಲಿ ಸರಿಯಾದ ಮೆಟ್ಟಿಲನ್ನೇ ಹತ್ತಿದ, ಸರಿಯಾದ ಪ್ಲಾಟ್‌ಫಾರ್ಮಿಗೇ ಇಳಿದ, ಡೊಂಬಿವಲಿಯಲ್ಲಿ ಸರಿಯಾದ ಬದಿಗೇ ಹೊರಬಿದ್ದ. ಆದರೆ ಪ್ರತಿ ತಿರುವಿನಲ್ಲೂ ನಿಂತು, ಹಿಂತಿರುಗಿ ನನ್ನ ಮುಖ ನೋಡಿ ಕೇಳುತ್ತಿದ್ದ: "ಸರಿ ಇತ್ತಲ್ದಾ?"