ಬೇಬಿ ಅಂದರೆ ಓ ಅನ್ನಬೇಕಿತ್ತು

ಹರಳೆಣ್ಣೆಯ ವಾಸನೆ ಬಂದರೆ ನನಗೆ ಈಗಲೂ ಮೊದಲು ಬರುವುದು ಸಿಟ್ಟು. ನೆನಪು ಆಮೇಲೆ. ಎರಡು ತಿಂಗಳಿಂದ ನಮ್ಮ ಮೇಲಿನ ಪೋರ್ಷನ್ನಿನಲ್ಲಿ ಎಳೆಮಗುವಿನ ನೆತ್ತಿಗೆ ದಿನಾ ಎಣ್ಣೆ ಒತ್ತುತ್ತಿದ್ದಾರೆ, ಆ ವಾಸನೆ ಮೆಟ್ಟಿಲಿಳಿದು ನೇರ ನನ್ನ ಅಡುಗೆಮನೆಗೇ ಬರುತ್ತದೆ. ಮೊನ್ನೆ ಮಗುವಿನ ತಾಯಿಯೂ ಇಳಿದು ಬಂದಳು. ಭಾನುವಾರ ನಾಮಕರಣವಂತೆ. ಗಂಡನಿಗೆ ಅಕ್ಕತಂಗಿಯರಿಲ್ಲ, ಸೋದರತ್ತೆಯ ಜಾಗದಲ್ಲಿ ನಿಂತು ಮಗುವಿನ ಕಿವಿಯಲ್ಲಿ ಹೆಸರು ಹೇಳುತ್ತೀರಾ ಆಂಟಿ ಅಂತ ಕೇಳಿದಳು. ನೋಡೋಣ ಅಂದು ಕಳಿಸಿದೆ.

ನಾನು ಚಿಕ್ಕವಳಿದ್ದಾಗ ನಮ್ಮ ಪಕ್ಕದ ಮನೆ ಅತ್ತೆಯ ಕೈಗೆ ಇದೇ ವಾಸನೆ ಇತ್ತು. ಬಸವೇಶ್ವರನಗರದಲ್ಲಿ ಒಂದೇ ಕಾಂಪೌಂಡಿನೊಳಗೆ ನಾಲ್ಕು ಪೋರ್ಷನ್, ನಾಲ್ಕಕ್ಕೂ ಸೇರಿ ಒಂದು ನಲ್ಲಿ. ಅಪ್ಪ ಫ್ಯಾಕ್ಟರಿಯಲ್ಲಿದ್ದರು. ಅವರಿಗೂ ಅಕ್ಕತಂಗಿಯರಿರಲಿಲ್ಲ. ಆಕೆ ಅಪ್ಪನನ್ನು ಅಣ್ಣಾ ಅನ್ನುತ್ತಿದ್ದರು, ಹಾಗಾಗಿ ನನಗೆ ಅತ್ತೆಯಾದರು. ಕಾಂಪೌಂಡಿನ ಯಾವ ಮಗು ಹುಟ್ಟಿದರೂ ಎಣ್ಣೆ ಒತ್ತಿ ನೀರು ಹಾಕುತ್ತಿದ್ದವರು ಅವರೇ.

ನನ್ನ ಹೆಸರು ಬೇಬಿ. ಮುದ್ದಿನ ಹೆಸರಲ್ಲ, ಪೂರ್ತಿ ಹೆಸರೇ ಅದು. ಆಸ್ಪತ್ರೆಯವರು ಚೀಟಿಯಲ್ಲಿ ಏನು ಬರೆದರೋ ಅದೇ ಉಳಿದುಹೋಯಿತು. ಕಾಂಪೌಂಡಿನಲ್ಲಿ ಒಬ್ಬಳು ಪಿಂಕಿ ಇದ್ದಳು. ಮೂರು ಸಲ ಕೈ ಮುರಿದುಕೊಂಡ ಲಕ್ಕಿ ಇದ್ದ. ಒಂದು ದಿನವೂ ನಗದ ಜಾಲಿ ಇದ್ದ. ಆದರೆ ಅವರೆಲ್ಲ ಸ್ಕೂಲಿನ ಗೇಟು ದಾಟಿದ ಕೂಡಲೇ ಪದ್ಮಾವತಿ, ಲಕ್ಷ್ಮೀಶ, ಜಯಪ್ರಕಾಶ ಆಗಿಬಿಡುತ್ತಿದ್ದರು. ನಾನು ಮಾತ್ರ ಗೇಟಿನ ಹೊರಗೂ ಬೇಬಿ, ಒಳಗೂ ಬೇಬಿ. ಹಾಜರಿ ಕೂಗುವಾಗ ದಿನಾ ಅದೇ ಕಿಸಕ್ಕನೆ ನಗು. ಹತ್ತನೇ ಕ್ಲಾಸಿನ ಹೊತ್ತಿಗೆ ಕುರುಬರಹಳ್ಳಿ ಕಡೆಯ ಬಸ್‌ಸ್ಟಾಪಿನಲ್ಲಿ ನಿಲ್ಲುವ ಹುಡುಗರಿಗೆ ಅದರ ಇನ್ನೊಂದು ಅರ್ಥವೂ ಗೊತ್ತಾಗಿತ್ತು. ಬೇರೆ ಹುಡುಗಿಯರ ಹೆಸರನ್ನು ಅವರು ಕಷ್ಟಪಟ್ಟು ಪತ್ತೆ ಮಾಡಬೇಕಿತ್ತು, ನನ್ನದನ್ನು ಅತ್ತೆಯೇ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದರು.

ಅದೊಂದು ದಿನನಿತ್ಯದ ಹಿಂಸೆ. ಸಂಜೆ ಗೇಟಿನ ಹತ್ತಿರ ನಿಂತು ‘ಬೇಬೀ’ ಅನ್ನುವರು, ನಾನು ಓ ಅನ್ನಬೇಕು. ಕೆಲಸವೇನೂ ಇರುತ್ತಿರಲಿಲ್ಲ. ಓ ಅಂದರೆ ಸಾಕು, ಒಳಗೆ ಹೋಗುವರು. ಅನ್ನದಿದ್ದರೆ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಓಡಿ ಬರುವರು. ಒಮ್ಮೆ ಬೇಕೆಂದೇ ಸುಮ್ಮನಿದ್ದೆ. ಬಸ್‌ಸ್ಟಾಪಿನ ತನಕ ಬಂದು ಆ ಹುಡುಗರ ಎದುರಿಗೇ ನನ್ನ ಕೆನ್ನೆ ಮುಟ್ಟಿ ನೋಡಿದರು. ಆವತ್ತು ನಾನು ಸತ್ತೇ ಹೋಗಬಾರದಾ ಅನ್ನಿಸಿತ್ತು...

ಎಸ್ಸೆಸ್ಸೆಲ್ಸಿ ಫಾರಂ ತುಂಬುವಾಗ ಕ್ಲಾಸ್ ಟೀಚರ್ ಒಂದು ಮಾತು ಹೇಳಿದರು. ಹೆಸರು ಬದಲಾಯಿಸುವುದಿದ್ದರೆ ಈಗಲೇ, ಮಾರ್ಕ್ಸ್ ಕಾರ್ಡಿಗೆ ಹತ್ತಿದ್ದು ಸಾಯುವ ತನಕ. ನನಗೆ ಆಕಾಶ ಮೂರೇ ಗೇಣು ಉಳಿಯಿತು. ಮೂರು ದಿನ ಊಟ ಬಿಟ್ಟು ಅಪ್ಪನನ್ನು ಒಪ್ಪಿಸಿದೆ. ಚಂದ್ರಿಕಾ ಅಂತ ಆರಿಸಿಕೊಂಡಿದ್ದೆ. ರಫ್ ನೋಟ್‌ಬುಕ್ಕಿನ ಹಿಂದಿನ ಹಾಳೆಗಳ ತುಂಬ ಅದೇ ಸಹಿ.

ಅಪ್ಪ ಅರ್ಜಿ ಬರೆದು, ಅರ್ಧ ದಿನ ರಜೆ ಹಾಕಿ ಸ್ಕೂಲಿಗೆ ಬಂದರು. ಹಿಂದೆಯೇ ಅತ್ತೆ. ಯಾರು ಕರೆದರೋ! ಹೆಡ್‌ಮಿಸ್ ರೂಮಿನ ಹೊರಗೆ ಅಪ್ಪನ ದಾರಿಗೆ ಅಡ್ಡ ನಿಂತು ತಗ್ಗಿದ ದನಿಯಲ್ಲಿ ಏನೋ ಹೇಳಿದರು. ನಾನು ಕಾರಿಡಾರಿನ ಆ ತುದಿಯಲ್ಲಿದ್ದೆ, ಕೇಳಿಸಲಿಲ್ಲ. ಅಪ್ಪ ಅರ್ಜಿಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು ಫ್ಯಾಕ್ಟರಿಗೆ ಹೊರಟುಹೋದರು.

ನಾನು ಅಳುತ್ತಿದ್ದೆ. ಅತ್ತೆ ಹತ್ತಿರ ಬಂದರು. “ಬೇಬಿ ಅಂದ್ರೆ ಓ ಅಂತೀಯಲ್ಲ, ಅಷ್ಟು ಸಾಕು ಕಣೇ,” ಅಂದರು.

ಯಾರಿಗೆ ಸಾಕು? ಅಪ್ಪ ಅಮ್ಮ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು. ನಾನು ಅತ್ತೆಯ ಜೊತೆ ಮಾತು ಬಿಟ್ಟೆ. ಅವರು ಕೂಗುವುದನ್ನು ಬಿಡಲಿಲ್ಲ. ಓ ಅನ್ನುವ ಬದಲು ನಾನು ಒಳಗಿನಿಂದ ಪಾತ್ರೆಯೊಂದನ್ನು ದಡಾರನೆ ಕುಕ್ಕುತ್ತಿದ್ದೆ, ಅವರು ಅದನ್ನೇ ಓ ಅಂತ ತಿಳಿದು ಹೋಗುತ್ತಿದ್ದರು. ಇಂಥವರ ಜೊತೆ ಜಗಳವಾಡುವುದಾದರೂ ಹೇಗೆ?

ಎರಡು ವರ್ಷದ ಮೇಲೆ ಅವರು ಹಾಸಿಗೆ ಹಿಡಿದರು. ಅಮ್ಮನ ಬಲವಂತಕ್ಕೆ ಹೋಗಿ ಪಕ್ಕದಲ್ಲಿ ಕೂತೆ. ಕಣ್ಣು ಮಂಜಾಗಿತ್ತು. ಬೇಬಿ ಬಂದಿದಾಳೆ ಅಂತ ಅಮ್ಮ ಹೇಳಿದ ಮೇಲೆ ನನ್ನ ಕೈ ಹುಡುಕಿ ಹಿಡಿದುಕೊಂಡರು.

“ಇದೀಯಲ್ಲ,” ಅಂದರು.

“ಇರದೆ ಎಲ್ಲಿಗೆ ಹೋಗ್ಲಿ?” ಅಂತ ಸಿಡುಕಿ ಕೈ ಬಿಡಿಸಿಕೊಂಡೆ. ನಾಲ್ಕನೇ ದಿನ ಅತ್ತೆ ಹೋದರು.

ತಿಥಿಯ ಊಟ ಮುಗಿಸಿ ಬಂದು ಅಮ್ಮ ನಲ್ಲಿಯ ಹತ್ತಿರ ಪಾತ್ರೆ ತಿಕ್ಕುತ್ತ, ನನ್ನ ಮುಖ ನೋಡದೆ ಹೇಳಿದಳು. ನನಗಿಂತ ಮುಂಚೆ ಅವಳಿಗೆ ಎರಡು ಹೆಣ್ಣುಮಕ್ಕಳು ಹುಟ್ಟಿದ್ದವು. ಎರಡಕ್ಕೂ ಚೆಂದದ ಹೆಸರು ಆರಿಸಿ, ತೊಟ್ಟಿಲ ಮೇಲೆ ಬಾಗಿ ಕಿವಿಯಲ್ಲಿ ಹೇಳಿದವರು ಅತ್ತೆಯೇ. ಒಂದು ಮೂರು ತಿಂಗಳಿಗೆ ಹೋಯಿತು, ಇನ್ನೊಂದು ವರ್ಷ ತುಂಬುವ ಮೊದಲೇ. ನನ್ನ ನಾಮಕರಣದ ದಿನ ಅತ್ತೆ ತೊಟ್ಟಿಲವರೆಗೂ ಬಂದು ಬಾಯಿ ಬಿಡಲಿಲ್ಲವಂತೆ. ಇದಕ್ಕೆ ಹೆಸರಿಡುವುದೇ ಬೇಡ, ಆಸ್ಪತ್ರೆಯಲ್ಲಿ ಕರೆದದ್ದೇ ಇರಲಿ ಅಂದರಂತೆ. ಇದನ್ನು ನನಗೆ ಹೇಳಬಾರದು ಅಂತಲೂ ಅವರೇ ಅಮ್ಮನಿಂದ ಆಣೆ ಮಾಡಿಸಿಕೊಂಡಿದ್ದರು. ಆ ಸಂಜೆಗಳಲ್ಲೆಲ್ಲ ಅವರು ನನ್ನನ್ನು ಕರೆಯುತ್ತಿರಲಿಲ್ಲ, ನಾನು ಇದ್ದೇನೋ ಇಲ್ಲವೋ ಅಂತ ನೋಡಿಕೊಳ್ಳುತ್ತಿದ್ದರು...

ಗೊತ್ತಾದ ಮೇಲೂ ಸಿಟ್ಟು ಪೂರ್ತಿ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ? ಇವತ್ತಿಗೂ ಬ್ಯಾಂಕಿನ ಹುಡುಗ ಕಂಪ್ಯೂಟರ್ ನೋಡಿ, ಫುಲ್ ನೇಮ್ ಹೇಳಿ ಮೇಡಂ ಅನ್ನುತ್ತಾನೆ. ಅಷ್ಟೇ ಕಣಪ್ಪಾ ಅಂದರೆ ನಗು ತಡೆದುಕೊಳ್ಳಲು ಮಾನಿಟರಿನ ಹಿಂದೆ ಬಗ್ಗುತ್ತಾನೆ. ಒಂದು ಹೆಸರಿಗೆ ಅಷ್ಟೊಂದು ಹೆದರಬೇಕಿತ್ತಾ ಅತ್ತೆ ಅಂತ ಮನಸ್ಸಿನಲ್ಲೇ ಜಗಳವಾಡುತ್ತ ಮನೆಗೆ ಬರುತ್ತೇನೆ.

ನಿನ್ನೆ ಮೇಲಿನ ಹುಡುಗಿಗೆ ಹ್ಞೂಂ ಅಂದುಬಿಟ್ಟೆ. ಮಗುವಿಗೆ ಜಾಯ್ ಅಂತ ಇಡುತ್ತಾರಂತೆ. ಕರ್ಮ, ಇವರದೂ ಇಂಗ್ಲಿಷೇ. ರಾತ್ರಿಯ ಅಡುಗೆಗೆ ತರಕಾರಿ ಹೆಚ್ಚುತ್ತ ಒಂದು ಸಲ ಮೆಲ್ಲಗೆ ಹೇಳಿ ನೋಡಿದೆ. ಒಂದೂವರೆ ಅಕ್ಷರದ ಹೆಸರು, ಹೇಳಿದ ಮೇಲೆ ಮಹಡಿಯಿಂದ ಮಗುವಿನ ಅಳು ಕೇಳುವ ತನಕ ಚಾಕು ಮುಂದೆ ಹೋಗಲಿಲ್ಲ. ಆ ಎರಡು ತೊಟ್ಟಿಲ ಮೇಲೆ ಬಾಗಿದ್ದವರು ಮೂರನೆಯದರ ಮುಂದೆ ಹೇಗೆ ನಿಂತಿದ್ದರೋ...

ಆವತ್ತು ಕೈ ಬಿಡಿಸಿಕೊಳ್ಳದೆ, ಇದೀನಿ ಅತ್ತೆ ಅಂತ ಒಂದು ಮಾತು ಹೇಳಬಹುದಿತ್ತು. ಅವರು ಕಾದಿದ್ದು ಅದೊಂದಕ್ಕೇ.